ಮಾಳಿಗೆಯ ಮೇಲಿನ ತಟ್ಟೆ, ಮನೆಯೊಳಗಿನ ಪೆಟ್ಟಿಗೆ

ಈ ಅಂಕಣದ ಓದುಗರು ನಮ್ಮನ್ನು ಕೇಳುತ್ತಿರುವ ಪ್ರಶ್ನೆಗಳಲ್ಲಿ ಒಂದು ಇತ್ತೀಚೆಗೆ ಮೇಲಿಂದ ಮೇಲೆ ಬರುತ್ತಿದೆ. ಮಕ್ಕಳು ಉದ್ಯೋಗದ ನಿಮಿತ್ತ ಬೆಂಗಳೂರು, ಪುಣೆ ಸೇರಿರುತ್ತಾರೆ. ಊರ ಮನೆಯಲ್ಲಿ ವೃದ್ಧ ತಂದೆ ತಾಯಿಗಳಿಬ್ಬರೇ ಉಳಿದಿರುತ್ತಾರೆ. ಸಂಜೆಯ ವಾರ್ತೆ, ಒಂದಿಷ್ಟು ಸಂಗೀತ, ಕೃಷಿಯ ವಿಚಾರ, ಇಷ್ಟು ನೋಡಲು ದೂರದರ್ಶನ ಪೆಟ್ಟಿಗೆ ಬೇಕು. ಆದರೆ ತಿಂಗಳ ಹಣ ಒಂದು ದಿನ ತಡವಾದರೂ ಪರದೆ ಕಪ್ಪಾಗುತ್ತದೆ. ಆಗ ಆ ಹಿರಿಯರು ದೂರದ ಮಗನಿಗೆ ಫೋನು ಮಾಡಿ, "ತಮ್ಮಾ, ಟಿ.ವಿ.ಗೆ ದುಡ್ಡು ಹಾಕು" ಎಂದು ಕೇಳಬೇಕು. ಮಗ ಹಾಕುತ್ತಾನೆ, ಅದರಲ್ಲಿ ಸಂಶಯವಿಲ್ಲ. ಆದರೆ ಜೀವನವಿಡೀ ಕೊಟ್ಟು ಬದುಕಿದ ಕೈಗಳಿಗೆ ಪ್ರತಿ ತಿಂಗಳೂ ಹೀಗೆ ಕೇಳುವುದು ಎಷ್ಟು ಇರಿಸುಮುರಿಸೆಂಬುದನ್ನು ಅನುಭವಿಸಿದವರೇ ಬಲ್ಲರು. ಮಾಸಿಕ ಶುಲ್ಕವಿಲ್ಲದೆ ಉಪಗ್ರಹದಿಂದ ನೇರವಾಗಿ ಮನೆಗೆ ದೂರದರ್ಶನ ಬರಮಾಡಿಕೊಳ್ಳಲು ಸಾಧ್ಯವೆ? ಸಾಧ್ಯವಾದರೆ ಯಾವ ಸಲಕರಣೆಗಳನ್ನು ಕೊಳ್ಳಬೇಕು? ಇದೇ ಆ ಪ್ರಶ್ನೆ.

ಸಾಧ್ಯವಿದೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಅಂಗಡಿಗೆ ಹೋದವರೆಲ್ಲರೂ ಒಳಗಿಡುವ ಹೊಳೆಯುವ ಪೆಟ್ಟಿಗೆಯನ್ನೇ ತಿರುಗಿಸಿ ಮುರುಗಿಸಿ ನೋಡುತ್ತಾರೆ. ಹೊರಗೆ ಮಳೆ ಬಿಸಿಲಿನಲ್ಲಿ ನಿಲ್ಲತಕ್ಕ ತಟ್ಟೆ, ಅದರ ಕಂಬ, ಅದರಿಂದ ಇಳಿದು ಬರುವ ತಂತಿ ಇವುಗಳನ್ನು ಅಂಗಡಿಯವನ ಇಚ್ಛೆಗೆ ಬಿಡುತ್ತಾರೆ. ಇದು ತಿರುವುಮುರುವಾದ ಕ್ರಮ. ಪೆಟ್ಟಿಗೆ ಕೆಟ್ಟರೆ ಅರ್ಧ ಗಂಟೆಯಲ್ಲಿ ಬದಲಾಯಿಸಬಹುದು. ಮಾಳಿಗೆಯ ಮೇಲಿನ ಕೆಲಸ ಕೆಟ್ಟರೆ ಆಷಾಢದ ಮಳೆಯಲ್ಲಿ ಏಣಿ ಹತ್ತುವವರು ಯಾರು? ಎಪ್ಪತ್ತು ದಾಟಿದ ಯಜಮಾನರಂತೂ ಹತ್ತಬಾರದು.

"ಉಚಿತ" ಎಂಬ ಮಾತಿನ ಅರ್ಥವನ್ನು ಸ್ವಲ್ಪ ಬಿಡಿಸಿಕೊಳ್ಳೋಣ. ಆಕಾಶದಿಂದ ಬರುವ ಎಲ್ಲ ವಾಹಿನಿಗಳ ಅಲೆಗಳೂ ನಮ್ಮ ಮಾಳಿಗೆಯ ಮೇಲೆ ಬೀಳುತ್ತಲೇ ಇರುತ್ತವೆ. ಅವುಗಳಲ್ಲಿ ಕೆಲವಕ್ಕೆ ಸಂಕೇತದ ಬೀಗ ಹಾಕಿರುತ್ತಾರೆ. ಹಣ ಕೊಟ್ಟವರ ಪೆಟ್ಟಿಗೆಗೆ ಮಾತ್ರ ಆ ಬೀಗದ ಕೀಲಿಕೈ ದೊರೆಯುತ್ತದೆ. ಕೆಲವಕ್ಕೆ ಬೀಗವಿರುವುದಿಲ್ಲ. ಬೀಗವಿಲ್ಲದವೇ ಉಚಿತ ವಾಹಿನಿಗಳು. ಭಾರತದಲ್ಲಿ ಇಂತಹವುಗಳ ದೊಡ್ಡ ಗುಂಪನ್ನು ಪ್ರಸಾರ ಭಾರತಿಯು "ಡಿ.ಡಿ. ಫ್ರೀ ಡಿಶ್" ಎಂಬ ಹೆಸರಿನಲ್ಲಿ ನಡೆಸುತ್ತಿದೆ. 2004ರ ಡಿಸೆಂಬರಿನಲ್ಲಿ "ಡಿ.ಡಿ. ಡೈರೆಕ್ಟ್ ಪ್ಲಸ್" ಎಂದು 33 ವಾಹಿನಿಗಳೊಂದಿಗೆ ಆರಂಭವಾದದ್ದೇ ಇದು. ಈಗ ಅದು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ, ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತಿರುವ ಜಿಸ್ಯಾಟ್-15 ಎಂಬ ನಮ್ಮದೇ ಉಪಗ್ರಹದ ಮೂಲಕ ಬರುತ್ತಿದೆ. 2015ರ ನವೆಂಬರಿನಲ್ಲಿ ಫ್ರೆಂಚ್ ಗಯಾನಾದಿಂದ ಏರಿಯಾನ್ ರಾಕೆಟ್ಟಿನ ಮೇಲೆ ಹಾರಿಸಲ್ಪಟ್ಟ ಉಪಗ್ರಹವಿದು.

ಉಪಗ್ರಹದಿಂದ ಹಳ್ಳಿಗೆ ನೇರವಾಗಿ ಚಿತ್ರ ಬರುವುದು ನಮ್ಮ ಸೀಮೆಗೆ ಹೊಸತೇನಲ್ಲ ಎಂಬುದನ್ನು ಇಂದಿನ ತರುಣರು ಅರಿಯರು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕೆಯಿಂದ ಎರವಲು ಪಡೆದ ಎ.ಟಿ.ಎಸ್.-6 ಎಂಬ ಉಪಗ್ರಹದ ಮೂಲಕ, ದೇಶದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ "ಸೈಟ್" ಎಂಬ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದ ಜಿಲ್ಲೆಗಳು ವಿಜಾಪುರ, ಗುಲಬರ್ಗಾ ಮತ್ತು ರಾಯಚೂರು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವೇ ಇಲ್ಲದ ಕಾಲದಲ್ಲಿ ಈ ಬಿಸಿಲುನಾಡಿನ ಹಳ್ಳಿಗಳ ಜನ ಒಂದೆಡೆ ಕುಳಿತು ದೂರದರ್ಶನ ನೋಡಿದರು. ಅಂದಿನ ತಟ್ಟೆ ಹತ್ತು ಅಡಿ ಅಗಲದ್ದು. ಕೋಳಿಗೂಡಿಗೆ ಹಾಕುವಂತಹ ತಂತಿಬಲೆಯಿಂದ ಮಾಡಿದ್ದು! ಬಲೆಯ ತಟ್ಟೆ ಹೇಗೆ ಸಾಕಾಯಿತು ಎಂದು ಕೇಳಬಹುದು. ಅಂದು ಬಂದ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಬಲೆಯ ಸಣ್ಣ ಕಂಡಿಗಳು ಅಷ್ಟು ದೊಡ್ಡ ಅಲೆಗೆ ಇಲ್ಲವೆಂಬಂತೆಯೇ. ಇಂದು ಫ್ರೀ ಡಿಶ್ ಬಳಸುವ ಕೆ.ಯು. ಬ್ಯಾಂಡಿನ ಅಲೆಯ ಉದ್ದ ಸುಮಾರು 2.7 ಸೆಂಟಿಮೀಟರ್ ಮಾತ್ರ. ಅದನ್ನು ಹಿಡಿಯಲು ನಯವಾದ ತಗಡಿನ ಮೈ ಬೇಕು. ಅಲೆ ಸಣ್ಣದಾದದ್ದರಿಂದ, ಉಪಗ್ರಹದ ಶಕ್ತಿಯೂ ಹೆಚ್ಚಿದ್ದರಿಂದ, ತಟ್ಟೆಯ ಗಾತ್ರ ಹತ್ತು ಅಡಿಯಿಂದ ಎರಡು ಅಡಿಗೆ ಇಳಿದಿದೆ. ಆದರೆ ಸಣ್ಣ ಅಲೆಗೆ ಸಣ್ಣ ದೋಷವೂ ದೊಡ್ಡದೇ. ತಟ್ಟೆಯ ಮೈ ಕೆಲವೇ ಮಿಲಿಮೀಟರ್ ತಗ್ಗಿದ್ದರೂ ಚಿತ್ರಕ್ಕೆ ಕುಂದು ಬರುತ್ತದೆ. ಆದ್ದರಿಂದ ಕೊಳ್ಳುವಾಗ ತಟ್ಟೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಅಂಚು ಒಂದೇ ಸಮತಲದಲ್ಲಿದೆಯೆ, ಎಲ್ಲಿಯಾದರೂ ಸೊಟ್ಟಗಾಗಿದೆಯೆ ಎಂದು ನೋಡಿಕೊಳ್ಳತಕ್ಕದ್ದು. ಬಸ್ಸಿನ ಮೇಲೆ ಹಾಕಿ ತಂದ ತಟ್ಟೆಗಳಲ್ಲಿ ಈ ದೋಷ ಸಾಮಾನ್ಯ.

ಖರ್ಚಿನ ಮಾತಿಗೆ ಮೊದಲು ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಲೇಬೇಕು. ಫ್ರೀ ಡಿಶ್‌ನಲ್ಲಿ ವಾಹಿನಿಗಳು ಬಹಳ, ಕನ್ನಡದವು ಕಡಿಮೆ. ದೂರದರ್ಶನದ "ಚಂದನ" ಇದೆ, ಸಂಸತ್ತಿನ ಕಲಾಪದ ವಾಹಿನಿಗಳಿವೆ, ಶಾಲಾ ಪಾಠಗಳಿವೆ, ಆಕಾಶವಾಣಿಯ ಹಲವು ಕೇಂದ್ರಗಳೂ ಅದೇ ಪೆಟ್ಟಿಗೆಯಲ್ಲಿ ಕೇಳಿಸುತ್ತವೆ. ಇವುಗಳನ್ನು ಬಿಟ್ಟರೆ ಬಹುಪಾಲು ಹಿಂದಿ. ಖಾಸಗಿ ವಾಹಿನಿಗಳು ಪ್ರಸಾರ ಭಾರತಿಯ ಇ-ಹರಾಜಿನಲ್ಲಿ ಹಣ ಕೊಟ್ಟು ಸ್ಥಾನ ಪಡೆಯುತ್ತವೆ. ಜಾಹೀರಾತಿನ ಲೆಕ್ಕಾಚಾರ ಕೂಡಿಬರುವುದು ಹಿಂದಿಗೆ ಹೆಚ್ಚು. ಕನ್ನಡದ ಹೆಸರಾಂತ ಮನರಂಜನಾ ವಾಹಿನಿಗಳ ಧಾರಾವಾಹಿಗಳನ್ನು ತಪ್ಪದೆ ನೋಡುವ ಮನೆಗೆ ಇದು ತೃಪ್ತಿ ಕೊಡಲಾರದು. ಸೊಸೆಯಂದಿರನ್ನೂ ಅತ್ತೆಯರನ್ನೂ ಕೇಳದೆ ಯಜಮಾನರು ಹಣ ಉಳಿಸುವ ಹುರುಪಿನಲ್ಲಿ ತಟ್ಟೆ ತಂದರೆ, ಆ ಉಳಿತಾಯದ ಸುಖ ಮೂರು ದಿನಕ್ಕಿಂತ ಹೆಚ್ಚು ಬಾಳುವುದಿಲ್ಲ. ಸಾಧ್ಯವಿದ್ದರೆ, ಈಗಾಗಲೇ ಹಾಕಿಸಿಕೊಂಡವರ ಮನೆಯಲ್ಲಿ ಒಂದು ಸಂಜೆ ಕುಳಿತು, ಯಾವ ವಾಹಿನಿಗಳು ಬರುತ್ತವೆಂದು ಮನೆಯವರೆಲ್ಲ ನೋಡಿ ಬರುವುದು ಲೇಸು. ವಾರ್ತೆ, ಕೃಷಿ, ಸಂಗೀತ, ಹಳೆಯ ಚಿತ್ರಗಳು, ಮಕ್ಕಳ ಪಾಠ ಇಷ್ಟು ಸಾಕೆನ್ನುವ ಮನೆಗೆ ಮಾತ್ರ ನಾವು ಇದನ್ನು ಧೈರ್ಯವಾಗಿ ಹೇಳುತ್ತೇವೆ. ಹಳೆಯ ಕಾಲದ, ಮೀನಿನ ಮುಳ್ಳಿನಂತಹ ಆಂಟೆನಾ ಇದೆಯಲ್ಲ ಎಂದು ಯಾರೂ ನೆಚ್ಚಿಕೊಳ್ಳಬೇಕಾಗಿಲ್ಲ. ಭೂಮಿಯ ಮೇಲಿನ ದೂರದರ್ಶನ ಪ್ರಸಾರ ಕೇಂದ್ರಗಳನ್ನು 2022ರ ಹೊತ್ತಿಗೆ, ಗಡಿಯಂತಹ ಕೆಲವು ಆಯಕಟ್ಟಿನ ಸ್ಥಳಗಳನ್ನುಳಿದು, ಮುಚ್ಚಿದ್ದಾರೆ. ಆ ಕಂಬ ಈಗ ಕಾಗೆ ಕೂರಲಿಕ್ಕೆ ಉಳಿದಿದೆ.

ಇನ್ನು ಅಂಗಡಿಗೆ ಹೋಗುವ ಮುನ್ನ ಮಾಳಿಗೆಗೆ ಹೋಗಬೇಕು. ಕರ್ನಾಟಕದಲ್ಲಿ ನಿಂತು ನೋಡಿದರೆ ಜಿಸ್ಯಾಟ್-15 ಇರುವುದು ಆಗ್ನೇಯ ದಿಕ್ಕಿಗೆ, ಸಾಕಷ್ಟು ಎತ್ತರದಲ್ಲಿ. ಧಾರವಾಡದಿಂದ ಲೆಕ್ಕ ಹಾಕಿದರೆ ಉತ್ತರದಿಂದ ಪ್ರದಕ್ಷಿಣೆಯಾಗಿ 128 ಡಿಗ್ರಿ, ದಿಗಂತದಿಂದ ಮೇಲಕ್ಕೆ 62 ಡಿಗ್ರಿ. ಬೆಂಗಳೂರಿನಿಂದ ದಿಕ್ಕು ಹೆಚ್ಚುಕಡಿಮೆ ಅದೇ, ಎತ್ತರ 66 ಡಿಗ್ರಿ. ಬೀದರಿನಿಂದ 137 ಡಿಗ್ರಿ ದಿಕ್ಕು, 62 ಡಿಗ್ರಿ ಎತ್ತರ. ವಾಸ್ತುವಿನವರು ಅಡಿಗೆಮನೆಗೆ ಹೇಳುವ ಮೂಲೆ ಇದೇ ಆದ್ದರಿಂದ ದಿಕ್ಕನ್ನು ಗುರುತಿಸಲು ನಮ್ಮ ಮನೆಗಳಲ್ಲಿ ಯಾರಿಗೂ ಕಷ್ಟವಾಗಲಾರದು. ಆ ಮೂಲೆಯ ಆಕಾಶಕ್ಕೆ ಅಡ್ಡವಾಗಿ ತೆಂಗು, ಬೇವು, ಪಕ್ಕದ ಮನೆಯ ನೀರಿನ ತೊಟ್ಟಿ ಯಾವುದೂ ಇರಬಾರದು. ಎಲೆಯ ಸಂದಿನಿಂದ ಬಂದೀತು ಎಂದು ಕೆಲವರು ಹೇಳುವುದುಂಟು. ಬರುವುದಿಲ್ಲ. ಬೇಸಿಗೆಯಲ್ಲಿ ಎಲೆ ಉದುರಿದಾಗ ಬಂದ ಚಿತ್ರ ಯುಗಾದಿಯ ಚಿಗುರಿನೊಂದಿಗೆ ಹೋಗುತ್ತದೆ.

ಜಾಗ ಸರಿಯಿದೆಯೆ ಎಂದು ಪರೀಕ್ಷಿಸಲು ಯಂತ್ರವೇನೂ ಬೇಡದ ಒಂದು ಉಪಾಯವಿದೆ. ವರ್ಷದಲ್ಲಿ ಎರಡು ಬಾರಿ, ಮಾರ್ಚ್ ತಿಂಗಳ ನಡುವೆ ಒಮ್ಮೆ, ಸೆಪ್ಟೆಂಬರ್ ಕೊನೆಯಲ್ಲಿ ಇನ್ನೊಮ್ಮೆ, ಸೂರ್ಯನು ಬೆಳಗಿನ ಸುಮಾರು 11 ಗಂಟೆಗೆ ನಮ್ಮ ದೃಷ್ಟಿಗೆ ಈ ಉಪಗ್ರಹದ ನೇರ ಹಿಂದೆಯೇ ಬಂದು ನಿಲ್ಲುತ್ತಾನೆ. ಆ ದಿನಗಳಲ್ಲಿ ಆ ಹೊತ್ತಿಗೆ ಮಾಳಿಗೆಯ ಯಾವ ಜಾಗದಲ್ಲಿ ನೆರಳಿಲ್ಲದೆ ಬಿಸಿಲು ಬೀಳುವುದೋ ಆ ಜಾಗದಿಂದ ಉಪಗ್ರಹಕ್ಕೆ ದಾರಿ ಸುಗಮವಾಗಿದೆಯೆಂದೇ ಅರ್ಥ. ಅಲ್ಲೊಂದು ಸುಣ್ಣದ ಗುರುತು ಹಾಕಿಟ್ಟರೆ ಸಾಕು. ಅದೇ ದಿನಗಳಲ್ಲಿ ತಟ್ಟೆ ಇದ್ದವರ ಮನೆಯಲ್ಲಿ ಆ ಹೊತ್ತಿಗೆ ಕೆಲವು ನಿಮಿಷ ಚಿತ್ರ ಒಡೆದುಹೋಗುವುದುಂಟು. ಸೂರ್ಯನ ರೇಡಿಯೋ ಸದ್ದು ಉಪಗ್ರಹದ ಮೆಲುದನಿಯನ್ನು ಮುಚ್ಚಿಬಿಡುವುದರಿಂದ ಹೀಗಾಗುತ್ತದೆ. ನಾಲ್ಕಾರು ದಿನಗಳಲ್ಲಿ ತಾನಾಗಿ ಸರಿಹೋಗುತ್ತದೆ. ಮೆಕ್ಯಾನಿಕ್ಕನ್ನು ಕರೆದು ಹಣ ತೆರುವ ಕಾರಣವಿಲ್ಲ.

ತಟ್ಟೆಯ ಗಾತ್ರದ ವಿಚಾರಕ್ಕೆ ಬರೋಣ. ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವುದು 60 ಸೆಂಟಿಮೀಟರಿನದು, ಅಂದರೆ ಎರಡು ಅಡಿ. ಬಯಲುಸೀಮೆಯಲ್ಲಿ ಇದು ನಡೆಯುತ್ತದೆ. ಆದರೆ 2.7 ಸೆಂಟಿಮೀಟರಿನ ಅಲೆಗೆ ಮಳೆಹನಿಯೇ ದೊಡ್ಡ ಶತ್ರು; ಜಡಿಮಳೆ ಬಂದಾಗ ಸಂಕೇತ ಕುಗ್ಗುತ್ತದೆ. ಮಳೆ ಬಾರದ ದಿನ ಚಿತ್ರ ಬರುವುದು ದೊಡ್ಡದಲ್ಲ, ಮಳೆ ಬಂದ ದಿನ ಬರಬೇಕು. ಪ್ರವಾಹದ ಸುದ್ದಿ, ಶಾಲೆಗೆ ರಜೆಯ ಸುದ್ದಿ ಬೇಕಾಗುವುದು ಆಗಲೇ. ತಟ್ಟೆ ಹಿಡಿಯುವ ಶಕ್ತಿ ಅದರ ಅಗಲಕ್ಕಲ್ಲ, ವಿಸ್ತೀರ್ಣಕ್ಕೆ ಅನುಗುಣವಾದದ್ದು. 60ರ ಬದಲು 75 ಸೆಂಟಿಮೀಟರಿನ ತಟ್ಟೆ ಕೊಂಡರೆ ಒಂದೂವರೆ ಪಾಲಿಗಿಂತ ಹೆಚ್ಚು, 90ರದಾದರೆ ಎರಡೂ ಕಾಲು ಪಾಲು ಶಕ್ತಿ ದೊರೆಯುತ್ತದೆ. ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು, ಶಿರಸಿಯ ಕಡೆಯವರು 90ಕ್ಕಿಂತ ಕಡಿಮೆಯದನ್ನು ಕೊಳ್ಳಬಾರದೆಂಬುದು ನಮ್ಮ ಖಚಿತವಾದ ಸಲಹೆ. ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆಗಳಿಗೆ 75 ಹಿತ. ವಿಜಯಪುರ, ಕಲಬುರಗಿ, ರಾಯಚೂರಿನವರಿಗೆ 60 ಸಾಕು.

ದೊಡ್ಡ ತಟ್ಟೆಗೆ ಇನ್ನೂ ಒಂದು ಗುಣವಿದೆ. ಅದರ ದೃಷ್ಟಿ ಕಿರಿದು. 93.5 ಡಿಗ್ರಿಯ ನೆರೆಯಲ್ಲಿಯೇ, 95 ಡಿಗ್ರಿಯಲ್ಲಿ ಬೇರೆ ಉಪಗ್ರಹಗಳಿವೆ. 60ರ ತಟ್ಟೆಯ ನೋಟ ಸುಮಾರು ಮೂರು ಡಿಗ್ರಿ ಅಗಲವಾದ್ದರಿಂದ ಪಕ್ಕದವರ ಮಾತೂ ಅದರ ಕಿವಿಗೆ ಬೀಳುತ್ತದೆ; 90ರದಕ್ಕೆ ಅಷ್ಟಾಗಿ ಬೀಳದು. ಆದರೆ ಕಿರಿದಾದ ದೃಷ್ಟಿಗೆ ನಿಲುವು ಗಟ್ಟಿಯಾಗಿರಬೇಕು. ಎರಡಡಿ ತಟ್ಟೆಯ ಅಂಚು ಒಂದೇ ಸೆಂಟಿಮೀಟರ್ ಸರಿದರೂ ಅದರ ಮುಖ ಸುಮಾರು ಎರಡು ಡಿಗ್ರಿ ತಿರುಗಿರುತ್ತದೆ. ಆಕಾಶದಲ್ಲಿ ಅದು ಒಂದು ಉಪಗ್ರಹದಿಂದ ಇನ್ನೊಂದಕ್ಕೆ ಹಾರಿದಂತೆಯೇ! ಆದಕಾರಣ ಕಂಬಕ್ಕೆ ತೆಳು ಕೊಳವೆ, ಗೋಡೆಗೆ ಮರದ ಗೂಟ ಮತ್ತು ಸ್ಕ್ರೂ, ಇಂತಹ ಕಾರ್ಪಣ್ಯ ಕೂಡದು. ಸತುವಿನ ಲೇಪವಿರುವ ಗಟ್ಟಿ ಕೊಳವೆ, ಕಾಂಕ್ರೀಟಿನಲ್ಲಿ ಹಿಗ್ಗುವ ಬೋಲ್ಟುಗಳು, ಲಂಬವಾಗಿ ನಿಂತ ಕಂಬ ಇವಿಷ್ಟೂ ಇರಲೇಬೇಕು. ಜಾನುವಾರು ಕಟ್ಟುವ ಗೂಟಕ್ಕೆ ನಾವು ಕೊಡುವಷ್ಟು ಗಮನವನ್ನಾದರೂ ಇದಕ್ಕೆ ಕೊಡೋಣ. ಮಂಗಗಳ ಕಾಟವಿರುವ ಊರುಗಳಲ್ಲಿ ಕಂಬ ಗಿಡ್ಡವಾಗಿದ್ದಷ್ಟೂ ಒಳ್ಳೆಯದು. ಎತ್ತರಕ್ಕೆ ನಿಲ್ಲಿಸಿದ ಮಾತ್ರಕ್ಕೆ ಉಪಗ್ರಹವೇನೂ ಹತ್ತಿರವಾಗುವುದಿಲ್ಲ.

ಹೊಸದಾಗಿ ನೋಡುವವರಿಗೆ ಒಂದು ಅನುಮಾನ ಬರುತ್ತದೆ. ಉಪಗ್ರಹ 62 ಡಿಗ್ರಿ ಮೇಲಿದೆಯೆಂದು ಹೇಳಿ, ತಟ್ಟೆಯನ್ನು ಅದಕ್ಕಿಂತ ತಗ್ಗಿಸಿ ನಿಲ್ಲಿಸಿದ್ದೀರಲ್ಲ ಎಂದು. ಮನೆಬಳಕೆಯ ತಟ್ಟೆಗಳು ಓರೆ ಬಗೆಯವು. ದೊಡ್ಡ ಬಟ್ಟಲಿನ ಒಂದು ಪಕ್ಕದ ತುಂಡಿನಂತೆ ರಚಿತವಾದವು. ಅಲೆ ಮೇಲಿನಿಂದ ಬಂದು ತಟ್ಟೆಯ ಮೈಗೆ ಓರೆಯಾಗಿ ಬಿದ್ದು ಕೆಳಗಿನ ಕೈಯ ತುದಿಗೆ ಪ್ರತಿಫಲಿಸುತ್ತದೆ. ಆದ್ದರಿಂದ ತಟ್ಟೆಯ ಮುಖ ನಿಜವಾದ ದಿಕ್ಕಿಗಿಂತ ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ಕೆಳಗೆ ನೋಡುತ್ತಿರುವಂತೆ ಕಾಣುವುದು ಸಹಜ.

ಆ ಕೈಯ ತುದಿಯಲ್ಲಿ ಕೂರುವ ಮೊಗ್ಗಿನಾಕಾರದ ಉಪಕರಣಕ್ಕೆ ಎಲ್.ಎನ್.ಬಿ. ಎಂದು ಹೆಸರು. ತಟ್ಟೆ ಕಣ್ಣಾದರೆ ಇದು ಕಣ್ಣೊಳಗಿನ ಬೊಂಬೆ. 11 ಸಾವಿರ ಮೆಗಾಹರ್ಟ್ಸಿನಷ್ಟು ವೇಗದ ಕಂಪನವನ್ನು ಸಾಮಾನ್ಯ ತಂತಿ ಸಾಗಿಸಲಾರದು, ಎಲ್.ಎನ್.ಬಿ.ಯು ಅದರಿಂದ 9750ನ್ನು ಕಳೆದು ತಗ್ಗಿಸಿ ಕೊಡುತ್ತದೆ. 11,090 ಮೆಗಾಹರ್ಟ್ಸಿನಲ್ಲಿ ಬಂದದ್ದು ತಂತಿಯಲ್ಲಿ 1340 ಆಗಿ ಇಳಿಯುತ್ತದೆ. ಕೊಳ್ಳುವಾಗ "ಯೂನಿವರ್ಸಲ್" ಬಗೆಯ, ಮೇಲೆ 9750 ಮತ್ತು 10600 ಎಂದು ಬರೆದಿರುವ ಕೆ.ಯು. ಬ್ಯಾಂಡಿನ ಎಲ್.ಎನ್.ಬಿ. ಕೇಳಿ ಪಡೆಯಬೇಕು, ಪೆಟ್ಟಿಗೆಯ ಪಟ್ಟಿಯಲ್ಲಿಯೂ ಅದೇ ಸಂಖ್ಯೆಗಳನ್ನು ಆರಿಸಬೇಕು. ಎರಡೂ ಹೊಂದದಿದ್ದರೆ ತಟ್ಟೆ ಎಷ್ಟು ಸರಿಯಾಗಿದ್ದರೂ ಚಿತ್ರ ಬಾರದು. ಇದರ ಡಬ್ಬಿಯ ಮೇಲೆ "0.1 ಡಿ.ಬಿ." ಎಂದು ದೊಡ್ಡದಾಗಿ ಅಚ್ಚು ಹಾಕಿರುತ್ತಾರೆ. ಅಗ್ಗದ ಸರಕಿಗೂ ಅದೇ, ಉತ್ತಮ ಸರಕಿಗೂ ಅದೇ ಸಂಖ್ಯೆ. ಅದನ್ನು ನಂಬಿ ಆರಿಸುವುದಕ್ಕಿಂತ, ಮುಚ್ಚಳ ಬಿಗಿಯಾಗಿ ಕೂತಿದೆಯೆ, ನೀರು ಹೊಗುವ ಸಂದು ಉಂಟೆ ಎಂದು ನೋಡುವುದು ಹೆಚ್ಚು ಪ್ರಯೋಜನಕಾರಿ. ಬಾಯಿಯ ಪ್ಲಾಸ್ಟಿಕ್ ಮುಚ್ಚಳ ಬಿಸಿಲಿಗೆ ಬಿರಿದರೆ ಕಣಜ ಗೂಡು ಕಟ್ಟುತ್ತದೆ. ಚಿತ್ರ ಹೋದಾಗ ಮೊದಲು ಅಲ್ಲಿ ನೋಡಿ.

ತಂತಿಯ ಬಗ್ಗೆ ಎರಡೇ ಮಾತು. ಆರ್.ಜಿ.-6 ಎಂಬ ದಪ್ಪ ತಂತಿ, ನಡುವಿನ ಎಳೆ ತಾಮ್ರದ್ದು, ತಟ್ಟೆಯಿಂದ ಪೆಟ್ಟಿಗೆಯವರೆಗೆ ನಡುವೆ ಗಂಟಿಲ್ಲದೆ ಒಂದೇ ತುಂಡು. ಈ ತಂತಿಯಲ್ಲಿಯೇ ಪೆಟ್ಟಿಗೆಯು 13 ಅಥವಾ 18 ವೋಲ್ಟ್ ವಿದ್ಯುತ್ತನ್ನು ಮೇಲಕ್ಕೆ ಕಳುಹಿಸಿ ಎಲ್.ಎನ್.ಬಿ.ಯನ್ನು ನಡೆಸುತ್ತದೆ, ತಂತಿ ತೆಳುವಾದರೆ ಆ ವಿದ್ಯುತ್ತೂ ಸೊರಗುತ್ತದೆ.

ಇನ್ನು ಪೆಟ್ಟಿಗೆ. ನಮ್ಮ ಪರಿಚಯದ ನಿವೃತ್ತ ಶಿಕ್ಷಕಿಯೊಬ್ಬರು ಪೇಟೆಯ ಅಂಗಡಿಯೊಂದರಲ್ಲಿ ಅಗ್ಗವೆಂದು ಪೆಟ್ಟಿಗೆ ಕೊಂಡರು. ಚಿತ್ರ ಬಂದಿತು, ಆದರೆ ನೆರೆಮನೆಯಲ್ಲಿ ಕಾಣುವ ಹಲವು ವಾಹಿನಿಗಳು ಇವರಲ್ಲಿ ಕಾಣಲಿಲ್ಲ. ತಟ್ಟೆಯನ್ನು ಮೂರು ಬಾರಿ ತಿರುಗಿಸಿದರು, ಪ್ರತಿ ಬಾರಿಯೂ ಕೂಲಿ ತೆತ್ತರು. ತಪ್ಪು ತಟ್ಟೆಯಲ್ಲಿರಲಿಲ್ಲ. ಅವರಿಗೆ ಮಾರಿದ್ದು ಎಂಪೆಗ್-2 ಎಂಬ ಹಳೆಯ ರೀತಿಯನ್ನು ಮಾತ್ರ ಬಿಡಿಸಬಲ್ಲ ಪೆಟ್ಟಿಗೆ. ಫ್ರೀ ಡಿಶ್ ಮೊದಲು ಇದ್ದದ್ದು ಎಂಪೆಗ್-2ರಲ್ಲೇ. ತರುವಾಯ ಅದೇ ಜಾಗದಲ್ಲಿ ಹೆಚ್ಚು ವಾಹಿನಿಗಳನ್ನು ಹಿಡಿಸುವ ಎಂಪೆಗ್-4ರಲ್ಲಿಯೂ ಕೆಲವನ್ನು ಕಳುಹಿಸತೊಡಗಿದರು. ಹಳೆಯ ಪೆಟ್ಟಿಗೆಗೆ ಎರಡನೆಯದು ಓದಲು ಬಾರದ ಲಿಪಿ. ಹೊಸದು ಎರಡನ್ನೂ ಓದುತ್ತದೆ. ಅಂಗಡಿಯಲ್ಲಿ ಉಳಿದ ಹಳೆಯ ಸರಕನ್ನು ವೃದ್ಧರಿಗೆ ದಾಟಿಸುವುದು ವ್ಯಾಪಾರವೆಂದು ನಾವು ಒಪ್ಪಲಾರೆವು. ಆದ್ದರಿಂದ "ಡಿ.ವಿ.ಬಿ.-ಎಸ್2, ಎಂಪೆಗ್-4" ಎಂಬ ಎರಡು ಮಾತುಗಳು ಡಬ್ಬಿಯ ಮೇಲೂ ರಸೀತಿಯ ಮೇಲೂ ಬರೆದಿರುವಂತೆ ನೋಡಿಕೊಳ್ಳಿ. ಪ್ರಸಾರ ಭಾರತಿಯ ಅಧಿಕೃತ ಗುರುತುಳ್ಳ ಪೆಟ್ಟಿಗೆಯಾದರೆ ಮತ್ತೂ ಉತ್ತಮ.

ಇನ್ನೊಂದು ಮೋಸ ಇದಕ್ಕಿಂತ ನಯವಾದದ್ದು. "ಒಂದು ವರ್ಷ ಉಚಿತ" ಎಂದು ಹೇಳಿ ಶುಲ್ಕದ ಸಂಸ್ಥೆಯ ಪೆಟ್ಟಿಗೆಯನ್ನೇ ಕೊಡುವುದು. ವರ್ಷ ತುಂಬಿದ ಮರುದಿನ ಬೀಗ ಬೀಳುತ್ತದೆ. ಹೆಸರು ಕೊಡಿ, ಆಧಾರ್ ಕೊಡಿ, ಮೊಬೈಲ್ ಸಂಖ್ಯೆ ಕೊಡಿ, ತಿಂಗಳ ಯೋಜನೆ ಆರಿಸಿ ಎಂದು ಯಾರಾದರೂ ಕೇಳಿದರೆ ಅದು ಫ್ರೀ ಡಿಶ್ ಅಲ್ಲವೆಂದು ತಿಳಿಯತಕ್ಕದ್ದು. ಫ್ರೀ ಡಿಶ್‌ಗೆ ತಿಂಗಳ ಲೆಕ್ಕವೇ ಇಲ್ಲ. ತಟ್ಟೆ, ಎಲ್.ಎನ್.ಬಿ., ತಂತಿ, ಪೆಟ್ಟಿಗೆ ಎಲ್ಲ ಸೇರಿ ಒಮ್ಮೆ ಸುಮಾರು 2000 ರೂಪಾಯಿ ಎಂಬುದು ಸರ್ಕಾರವೇ ಹೇಳುವ ಅಂದಾಜು. ನಾವು ಹೇಳಿದ ದೊಡ್ಡ ತಟ್ಟೆ, ಗಟ್ಟಿ ಕಂಬಗಳಿಗೆ ಅದರ ಮೇಲೆ ಇನ್ನಷ್ಟು ಬೀಳುತ್ತದೆ, ಬೀಳಲಿ. ಶುಲ್ಕದ ಸಂಸ್ಥೆಯ ಹಳೆಯ ತಟ್ಟೆ ಮಾಳಿಗೆಯ ಮೇಲೆ ನಿರುದ್ಯೋಗಿಯಾಗಿ ನಿಂತಿದ್ದರೆ ಅದನ್ನು ತಿರುಗಿಸಿಕೊಳ್ಳಬಹುದು, ತಟ್ಟೆಗೆ ಕುಲವಿಲ್ಲ. ಅದರ ಎಲ್.ಎನ್.ಬಿ. ಸಹ ಯೂನಿವರ್ಸಲ್ ಬಗೆಯದಾದರೆ ಸಲ್ಲುತ್ತದೆ. ಪೆಟ್ಟಿಗೆಯೊಂದೇ ಹೊಸದು ಬೇಕು.

ಅದೂ ಬೇಡವಾಗಬಹುದು. ಈಚಿನ ಕೆಲವು ಟಿ.ವಿ.ಗಳೊಳಗೆ ಉಪಗ್ರಹ ಟ್ಯೂನರ್ ಇದ್ದೇ ಇರುತ್ತದೆ. ಇಂತಹ ಟಿ.ವಿ.ಗಳಿಗೆಂದು ಭಾರತೀಯ ಮಾನಕ ಬ್ಯೂರೋ ಐ.ಎಸ್. 18112 ಎಂಬ ಮಾನಕವನ್ನೂ ಹೊರಡಿಸಿದೆ. ಟಿ.ವಿ.ಯ ಹಿಂಬದಿಯಲ್ಲಿ ತಿರುಪಿರುವ ಎರಡು ಬಾಯಿಗಳಿದ್ದು, ಒಂದರ ಬಳಿ ಎಲ್.ಎನ್.ಬಿ. ಅಥವಾ ಸ್ಯಾಟಲೈಟ್ ಎಂದು ಬರೆದಿದ್ದರೆ ತಂತಿಯನ್ನು ನೇರವಾಗಿ ಅಲ್ಲಿಗೇ ಸೇರಿಸಬಹುದು. ವಯಸ್ಸಾದವರಿಗೆ ಎರಡು ರಿಮೋಟುಗಳ ಗೊಂದಲ ತಪ್ಪುವುದೇ ಇದರ ದೊಡ್ಡ ಲಾಭ. ಹೊಸ ಟಿ.ವಿ. ಕೊಳ್ಳುವ ಯೋಚನೆಯಿರುವವರು ಪೆಟ್ಟಿಗೆಗೆ ಹಣ ಹಾಕುವ ಮುನ್ನ ಇದನ್ನು ವಿಚಾರಿಸುವುದು ಒಳಿತು.

ಆರು, ಎಂಟು ಅಡಿಯ ಸಿ-ಬ್ಯಾಂಡ್ ತಟ್ಟೆಯ ಬಗ್ಗೆ ಕೆಲವು ಉತ್ಸಾಹಿ ತರುಣರು ಹೇಳುವುದುಂಟು. ಅದರ ಅಲೆ ಉದ್ದವಾದ್ದರಿಂದ ಮಳೆಗೆ ಅಂಜುವುದಿಲ್ಲ, ನಾನಾ ಉಪಗ್ರಹಗಳ ಬೀಗವಿಲ್ಲದ ವಾಹಿನಿಗಳು ಸಿಗುತ್ತವೆ ಎಂಬುದೆಲ್ಲ ನಿಜ. 1991ರಲ್ಲಿ ಕೊಲ್ಲಿ ಯುದ್ಧದ ಸುದ್ದಿ ನೋಡಲು ಪಟ್ಟಣಗಳ ಹೋಟೆಲುಗಳ ಮೇಲೆ ಎದ್ದ ದೊಡ್ಡ ಬಟ್ಟಲುಗಳು ಆ ಜಾತಿಯವೇ. ಆದರೆ ಅಲ್ಲಿ ಇಂದು ತೆರೆದಿರುವ ವಾಹಿನಿಗೆ ನಾಳೆ ಬೀಗ ಬೀಳಬಹುದು. ಗಾಳಿಗೆ ಅಷ್ಟು ದೊಡ್ಡ ಬಟ್ಟಲು ಹಾಯಿಯಂತೆ ತುಂಬಿಕೊಂಡು ಕಂಬವನ್ನೇ ಕೀಳುತ್ತದೆ. ಹವ್ಯಾಸಕ್ಕೆ ಸರಿ, ಸಂಸಾರಕ್ಕಲ್ಲ.

ತಟ್ಟೆ ಕೂರಿಸುವ ದಿನ ಮನೆಯವರೊಬ್ಬರು ಟಿ.ವಿ.ಯ ಮುಂದೆ ಇರಲೇಬೇಕು. ಪೆಟ್ಟಿಗೆಯ ಪಟ್ಟಿಯಲ್ಲಿ ಎರಡು ಗೆರೆಗಳು ಕಾಣುತ್ತವೆ. ಒಂದು ಸಂಕೇತದ ಬಲ, ಇನ್ನೊಂದು ಸಂಕೇತದ ಗುಣ. ಬಲದ ಗೆರೆ ತಟ್ಟೆ ಎತ್ತ ತಿರುಗಿದ್ದರೂ ಸಾಕಷ್ಟು ತುಂಬಿಯೇ ಇರುತ್ತದೆ, ಎಲ್.ಎನ್.ಬಿ. ತನ್ನದೇ ಸದ್ದನ್ನೂ ಕಳುಹಿಸುತ್ತಿರುವುದೇ ಕಾರಣ. ಅದನ್ನು ತೋರಿಸಿ "ಫುಲ್ ಸಿಗ್ನಲ್ ಬಂತು ನೋಡ್ರಿ" ಎಂದು ಹೇಳಿ ಹಣ ಪಡೆದು ಹೋಗುವ ಕೆಲಸಗಾರರಿದ್ದಾರೆ. ನೋಡಬೇಕಾದದ್ದು ಗುಣದ ಗೆರೆ. ಅದು ಒಮ್ಮೆ ಎದ್ದ ಮೇಲೆ ತಟ್ಟೆಯನ್ನು ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ ಕೂದಲೆಳೆಯಷ್ಟು ಅಲುಗಿಸಿ, ಗೆರೆ ಅತಿ ಹೆಚ್ಚಾಗುವಲ್ಲಿ ನಿಲ್ಲಿಸಬೇಕು. ಬಳಿಕ ಎಲ್.ಎನ್.ಬಿ.ಯನ್ನೂ ಅದರ ಹಿಡಿಕೆಯಲ್ಲಿ ತುಸು ತಿರುಗಿಸಿ ನೋಡಬೇಕು. ಈ ಕೊನೆಯ ಹೆಜ್ಜೆಯನ್ನು ಅವಸರದವರು ಬಿಟ್ಟುಬಿಡುತ್ತಾರೆ, ಮೊದಲ ಮಳೆಗೇ ಅದರ ಫಲ ಕಾಣುತ್ತದೆ. ಎಲ್ಲ ಬೋಲ್ಟುಗಳನ್ನು ಬಿಗಿದ ನಂತರ ಇನ್ನೊಮ್ಮೆ ಗೆರೆ ನೋಡಿ, ಬಿಗಿಯುವಾಗಲೇ ಸರಿಯುವುದುಂಟು. ಶ್ರದ್ಧೆಯಿಂದ ಕಾಯಕ ಮಾಡುವ ಹುಡುಗ ಸಿಕ್ಕರೆ ನೂರು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಸಿಡಿಲಿನ ವಿಚಾರದಲ್ಲಿ ಉದಾಸೀನ ಸಲ್ಲದು. ಚೈತ್ರ, ವೈಶಾಖದ ಅಡ್ಡಮಳೆಯ ಕಾಲದಲ್ಲಿ ನಮ್ಮ ಬಯಲುಸೀಮೆಯಲ್ಲಿ ಸಿಡಿಲು ಪ್ರಾಣಹಾನಿ ಮಾಡುವುದನ್ನು ವರ್ಷವರ್ಷವೂ ಓದುತ್ತೇವೆ. ಮಾಳಿಗೆಯ ಮೇಲಿನ ಲೋಹದ ಕಂಬದಿಂದ ದಪ್ಪ ತಾಮ್ರದ ತಂತಿಯನ್ನು ನೆಲಕ್ಕೆ ಇಳಿಸಿ ಅರ್ಥಿಂಗ್ ಮಾಡಿಸಲೇಬೇಕು. ದೂರದಲ್ಲಿ ಗುಡುಗು ಕೇಳಿದೊಡನೆಯೇ ಪೆಟ್ಟಿಗೆಯ ವಿದ್ಯುತ್ ಪ್ಲಗ್ಗನ್ನೂ ತಟ್ಟೆಯಿಂದ ಬಂದ ತಂತಿಯನ್ನೂ ಬಿಚ್ಚಿಡಬೇಕು. ಸಿಡಿಲು ತಲೆಯ ಮೇಲೆ ಬಂದ ಮೇಲೆ ಬಿಚ್ಚಲು ಹೋಗಬಾರದು. ರಿಮೋಟಿನಿಂದ ಆರಿಸಿದರೆ ತಂತಿಗೆ ಯಾವ ರಕ್ಷೆಯೂ ಇಲ್ಲ.

ಎಲ್ಲ ಮುಗಿದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಹರಾಜಿನ ಪ್ರಕಾರ ವಾಹಿನಿಗಳು ಬಂದುಹೋಗುತ್ತಲೇ ಇರುತ್ತವೆ, ಜಾಗ ಬದಲಿಸುತ್ತವೆ. ಒಂದು ಬೆಳಿಗ್ಗೆ ನಿತ್ಯ ನೋಡುವ ವಾಹಿನಿ ಕಾಣದಿದ್ದರೆ ಪೆಟ್ಟಿಗೆ ಕೆಟ್ಟಿತೆಂದು ಗಾಬರಿಯಾಗದೆ ಮೊದಲು ಹೊಸದಾಗಿ ಹುಡುಕಿಸಬೇಕು. ಊರಿಗೆ ಬಂದ ಮಗನೋ ಮೊಮ್ಮಗಳೋ ಆ ಹುಡುಕುವ ಕ್ರಮವನ್ನು, ಯಾವ ಗುಂಡಿ ಮೊದಲು, ಯಾವುದು ಆಮೇಲೆ ಎಂದು, ದೊಡ್ಡ ಕನ್ನಡ ಅಕ್ಷರಗಳಲ್ಲಿ ಒಂದು ರಟ್ಟಿನ ಮೇಲೆ ಬರೆದು, ಪೆಟ್ಟಿಗೆಯ ಪಕ್ಕದ ಗೋಡೆಗೆ ತೂಗುಹಾಕಿ ಹೋಗಲಿ. ಅದರ ಕೆಳಗೆ ಉಪಗ್ರಹದ ಹೆಸರು, 93.5 ಡಿಗ್ರಿ, ಎಲ್.ಎನ್.ಬಿ.ಯ 9750 ಮತ್ತು 10600, ತಟ್ಟೆ ಕೂರಿಸಿದ ದಿನ ಗುಣದ ಗೆರೆ ತೋರಿದ ಸಂಖ್ಯೆ, ಇವಿಷ್ಟನ್ನೂ ಬರೆದಿಟ್ಟರೆ ಮುಂದೆ ದುರಸ್ತಿಗೆ ಯಾರೇ ಬಂದರೂ ಮೊದಲಿನಿಂದ ಆರಂಭಿಸಬೇಕಾಗುವುದಿಲ್ಲ.